ಏಳನೇ ಪೀಪಾಯಿ

"ಇವಳ ನಾಲಿಗೆಗೆ ಬೇರೆ ಪೆಟ್ಟಿಗೆ ಮಾಡಿಸ್ಬೇಕಾಗಿತ್ತು ಕಣ್ರೋ. ಅಂಥ ನಾಲಿಗೇನ ಮೈ ಜೊತೆ ಒಂದೇ ಗುಂಡಿಗೆ ಹಾಕೋದು ಅನ್ಯಾಯ," ಎಂದ ದ್ರಾಕ್ಷಿತೋಟದ ಆಳು ಅಮಾದೇವು, ಶವಪೆಟ್ಟಿಗೆಯ ಹಿಂಬದಿಯ ಹಿಡಿಯನ್ನು ಕೈ ಬದಲಾಯಿಸುತ್ತಾ.

"ಬಾಯ್ಮುಚ್ಚೋ ಮುಂಡೇದೇ. ಹೆಣ ಹೊತ್ತಿದೀಯ," ಎಂದಳು ಪಕ್ಕದಲ್ಲಿ ಜಪಮಣಿ ಎಣಿಸುತ್ತಾ ಹತ್ತುತ್ತಿದ್ದ ನೆರೆಮನೆಯ ಕ್ಲೊತಿಲ್ದಿ.

"ಹೊತ್ತಿರೋದಕ್ಕೇ ಹೇಳ್ತಿದೀನಿ ಚಿಕ್ಕಮ್ಮ. ಭಾರ ಎಲ್ಲಾ ತಲೆ ಕಡೆಗೇ ಇದೆ."

ಹೊತ್ತವರು ಮುಸಿಮುಸಿ ನಕ್ಕರು. ದೋರು ನದಿಯ ದಡದಿಂದ ಇಗರ್ಜಿಗೆ ಏರುವ ಆ ಕಲ್ಲುದಾರಿಯಲ್ಲಿ ನಗದೆ ಹೆಣ ಹೊತ್ತವರಿಲ್ಲ. ಬಿಗಿ ಮುಖ ಮಾಡಿಕೊಂಡು ಹತ್ತಿದರೆ ಅರ್ಧದಲ್ಲೇ ಉಸಿರು ಕಟ್ಟಿ, ಹೊತ್ತವನನ್ನೂ ಹೊರಬೇಕಾಗುತ್ತದೆ. ಮುಂಭಾಗದ ಎಡ ಹಿಡಿ ಹಿಡಿದಿದ್ದ ಜೆಫೆರೀನು ಮಾತ್ರ ನಗಲಿಲ್ಲ. ಎಪ್ಪತ್ತೊಂದು ವರ್ಷದವನು ನೀನು, ಸುಮ್ಮನೆ ಹಿಂದೆ ನಡೆದು ಬಾ ಎಂದು ಎಲ್ಲರೂ ಹೇಳಿದ್ದರು. ಐವತ್ತು ವರ್ಷ ವೈನಿನ ಪೀಪಾಯಿ ಕಟ್ಟಿದ ಕೈ ಇದು, ನನ್ನ ಹೆಂಡತಿ ಅಲ್ಝೀರಳನ್ನು ನಾನೇ ಹೊರುತ್ತೇನೆ ಎಂದು ಹಟ ಹಿಡಿದಿದ್ದ. ನಿಜವಾದ ಕಾರಣ ಬೇರೆ. ಹಿಂದೆ ನಡೆದರೆ ತೋಟದ ಧಣಿ ಎವರಿಸ್ತುವಿನ ಪಕ್ಕದಲ್ಲಿ ನಡೆಯಬೇಕಾಗುತ್ತಿತ್ತು.

ಧಣಿ ಹಿಂದೆಯೇ ಬರುತ್ತಿದ್ದ. ಊರುಗೋಲಿನ ಟಕ್ ಟಕ್ ಕೇಳಿಸುತ್ತಿತ್ತು, ನಡುನಡುವೆ ಬಿಕ್ಕುವ ಸದ್ದೂ ಕೇಳಿಸುತ್ತಿತ್ತು. ಬಿಕ್ಕುವುದೆಂದರೆ ಎಂಥದು! ಮೂಗು ಸೊರಗುಟ್ಟಿಸಿ, ತುವಾಲಿನಷ್ಟು ದೊಡ್ಡ ಕರವಸ್ತ್ರ ಒದ್ದೆ ಮಾಡಿಕೊಂಡು. ಜೆಫೆರೀನುವಿಗೆ ಬೆಳಗಿನಿಂದ ಒಂದು ಹನಿ ಬಂದಿರಲಿಲ್ಲ. ಗಂಡ ನಾನು, ಅಳುವ ಹಕ್ಕನ್ನೂ ಇವನೇ ತಗೊಂಡ ಎಂದು ಅವನು ಹಲ್ಲು ಕಚ್ಚಿದ.

"ಧಣಿಗಳನ್ನ ನೋಡೋಕಾಗಲ್ಲಪ್ಪ," ಎಂದಳು ಕ್ಲೊತಿಲ್ದಿ, ಗಾಯಕ್ಕೆ ಉಪ್ಪು ಸವರುತ್ತಿದ್ದೇನೆಂಬ ಅರಿವಿಲ್ಲದೆ. "ಸ್ವಂತ ಅಕ್ಕ ಸತ್ತಾಗ್ಲೂ ಹೀಗೆ ಅತ್ತಿರಲಿಲ್ಲ."

ಮಗಳು ನೊಯೇಮಿಯಾ ಹತ್ತಿರ ಬಂದು ಅಪ್ಪನ ಹಣೆಯ ಬೆವರು ಒರೆಸಿದಳು. ರೇಗುವಾ ಪೇಟೆಯಲ್ಲಿ ಬಟ್ಟೆಯಂಗಡಿ ಇಟ್ಟಿದ್ದ ಅವಳು ಸುದ್ದಿ ತಿಳಿದು ನಿನ್ನೆಯ ಮೊದಲ ಬಸ್ಸಿಗೇ ಬಂದಿದ್ದಳು.

"ಅಪ್ಪ, ಧಣಿಗಳು ಹೇಳ್ತಿದ್ರು. ಮಣ್ಣು ಮಾಡಿ ಬಂದ್ಮೇಲೆ ಅಮ್ಮನ ಹೆಸರಿಗೆ ಏಳನೇ ಪೀಪಾಯಿ ತೆಗೀತಾರಂತೆ."

ಜೆಫೆರೀನುವಿನ ಕಾಲು ಜಾರಿತು. ಪೆಟ್ಟಿಗೆ ಎಡಕ್ಕೆ ವಾಲಿ, ಮೇಲಿದ್ದ ಸೇವಂತಿಗೆ ಹೂವು ಕಲ್ಲಿನ ಮೇಲೆ ಉದುರಿತು.

"ಹಿಡೀರೋ! ಹಿಡೀರೋ!" ಎಂದು ಹಿಂದಿನಿಂದ ಕೂಗಿದ್ದು ಧಣಿಯೇ.

"ಬೇರೆ ಯಾವ್ದೂ ಸಿಗ್ಲಿಲ್ವಂತಾ ಅವ್ರಿಗೆ?" ಎಂದು ಕೇಳಿದ ಜೆಫೆರೀನು, ಉಸಿರು ಸುಧಾರಿಸಿಕೊಂಡು.

"ಯಾಕಪ್ಪ? ಹನ್ನೆರಡು ವರ್ಷದಿಂದ ಅಮ್ಮ ಮಾರೋಕೆ ಬಿಡದೆ ಇಟ್ಕೊಂಡಿದ್ದು ಅದೊಂದೇ ಅಲ್ವಾ? ಅದರ ಮುಂದೆ ಮಿಕ್ಕಿದ್ದೆಲ್ಲಾ ನೀರು ಅಂತಿದ್ಲಂತೆ."

ಆ ತೋಟದ ಪದ್ಧತಿಯೇ ಹಾಗೆ. ಅಲ್ಲಿ ದುಡಿದವರು ಯಾರೇ ಸತ್ತರೂ ಮಣ್ಣು ಮಾಡಿ ಬಂದವರು ಬೂಟಿನ ಮಣ್ಣು ಕೊಡವುವ ಮೊದಲು ನೆಲಮಾಳಿಗೆಗೆ ಹೋಗಬೇಕು. ಸತ್ತವರ ಕೈಯಲ್ಲಿ ಹಾದುಹೋದ ಒಂದು ಪೀಪಾಯಿಯಿಂದ ನಿಂತುಕೊಂಡೇ ಒಂದು ಲೋಟ ಕುಡಿಯಬೇಕು. ಬಳ್ಳಿ ಸವರುವವನು ಸತ್ತರೆ ಅವನ ಮೆಟ್ಟಿಲುಗದ್ದೆಯ ದ್ರಾಕ್ಷಿಯದು, ಅಲ್ಝೀರಳಂತೆ ವೈನಿನ ರುಚಿ ನೋಡಿ ಹೇಳುವವಳು ಸತ್ತರೆ ಅವಳು ಮೆಚ್ಚಿ ಇಟ್ಟದ್ದು. ಕುಡಿದವರು ಒಂದೊಂದು ಒಳ್ಳೆಯ ಮಾತು ಹೇಳಿ ಹೊರಡುತ್ತಾರೆ.

ಏಳನೆಯದನ್ನು ಕುಡಿದವರು ಏನು ಹೇಳುತ್ತಾರೆಂದು ಜೆಫೆರೀನುವಿಗೆ ಗೊತ್ತಿತ್ತು. ಆ ಪೀಪಾಯಿಯ ಹೊಟ್ಟೆಯಲ್ಲಿ ಏನಿದೆ ಎಂದು ಬದುಕಿರುವವರಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

*

ಅಲ್ಝೀರ ಆ ತೋಟದ ಮನೆಗೆ ಬಂದದ್ದು ಲೋಟ ತೊಳೆಯಲು. ಆಗ ಅವಳಿಗೆ ಇಪ್ಪತ್ತಮೂರು, ಮದುವೆಯಾಗಿ ಒಂದು ವರ್ಷ. ಎವರಿಸ್ತುವಿನ ಅಪ್ಪ ಇನ್ನೂ ಬದುಕಿದ್ದ. ಅಂಗಳದ ಉತ್ತರಕ್ಕೆ ಸುಣ್ಣ ಬಳಿದ ಕೋಣೆ, ಒಳಗೆ ಬಿಳಿ ಕಲ್ಲಿನ ಮೇಜು, ಮೇಜಿನ ಪಕ್ಕ ಉದ್ದ ಕತ್ತಿನ ತಾಮ್ರದ ಉಗಿಯುವ ಪಾತ್ರೆ. ಅಪ್ಪ ಮಗ ಇಬ್ಬರೂ ದಿನಾ ಬೆಳಿಗ್ಗೆ ಅಲ್ಲಿ ಕೂತು, ಮೊದಲು ಊಟದ ಜೊತೆ ಕುಡಿಯುವ ಬಿಳಿ ಮತ್ತು ಕೆಂಪು ವೈನುಗಳನ್ನು, ಆಮೇಲೆ ಬ್ರಾಂದಿ ಬೆರೆಸಿದ ಗಟ್ಟಿ ಸಿಹಿ ವೈನುಗಳನ್ನು ಬಾಯಲ್ಲಿ ಮುಕ್ಕಳಿಸಿ ರುಚಿ ನೋಡಿ ಉಗಿಯುತ್ತಿದ್ದರು.

ಒಂದು ದಿನ ಪೋರ್ತು ಪಟ್ಟಣದಿಂದ ಬಂದ ವ್ಯಾಪಾರಿಗೂ ಮುದಿ ಧಣಿಗೂ ಒಂದು ಕೆಂಪು ವೈನಿನ ಮೇಲೆ ಜಗಳ ಹತ್ತಿತು. ಕೆಟ್ಟಿದೆ ಎಂದು ಅವನು, ಇಲ್ಲ ಎಂದು ಇವನು. ಲೋಟ ಒರೆಸುತ್ತಿದ್ದ ಅಲ್ಝೀರ, "ಕೆಟ್ಟಿಲ್ಲ ಧಣಿ. ಇದು ಬಾಗಿಲ ಹತ್ರದ ಪೀಪಾಯೀದು, ಹೇಸರಗತ್ತೆ ಕಟ್ಟೋ ಕಡೆ. ಲಾಯದ ಹುಲ್ಲಿನ ವಾಸನೆ ಹತ್ತಿದೆ. ಗಾಳಿಗಿಟ್ರೆ ಹೋಗುತ್ತೆ," ಎಂದಳಂತೆ. ಗಾಳಿಗಿಟ್ಟರು, ಹೋಯಿತು. ಮುದುಕ ಅವಳ ಮುಂದೆ ಹನ್ನೊಂದು ಲೋಟ ಇಟ್ಟು ಪರೀಕ್ಷೆ ಮಾಡಿದ. ಹನ್ನೊಂದನೆಯ ಲೋಟ ಮುಗಿದ ಮೇಲೆ, "ನಾಳೆಯಿಂದ ಲೋಟ ಬೇರೆಯವರು ತೊಳೀಲಿ. ನೀನು ಕೂತ್ಕೋ," ಎಂದ.

ಮೊದಮೊದಲು ಜೆಫೆರೀನು ಹೆಮ್ಮೆಯಿಂದ ಬೀಗಿದ. ತನ್ನ ಕೈಯ ಪೀಪಾಯಿ, ತನ್ನ ಹೆಂಡತಿಯ ನಾಲಿಗೆ. ಅವಳ ಮೂಗಿಗೋಸ್ಕರ ಮನೆಯಲ್ಲಿ ಬೆಳ್ಳುಳ್ಳಿ ನಿಂತಿತು, ಪರಿಮಳದ ಸಾಬೂನು ನಿಂತಿತು, ಅವನ ಸಿಗರೇಟು ಅಂಗಳಕ್ಕೆ ಹೋಯಿತು. ಸಂಜೆ ಅವನು ಮನೆಗೆ ಬಂದರೆ ಅವಳು ಕುತ್ತಿಗೆಯ ಹತ್ತಿರ ಮೂಗು ತಂದು, "ಇವತ್ತು ಹೊಸ ಓಕ್ ಬಗ್ಗಿಸಿದೀಯ. ಬೆಂಕಿ ಜಾಸ್ತಿ ಮಾಡಿದೀಯ," ಎನ್ನುತ್ತಿದ್ದಳು. ಒಂದು ಸಲವೂ ತಪ್ಪಿದ್ದಿಲ್ಲ.

ಮುದಿ ಧಣಿ ಸತ್ತ. ಆ ಕೋಣೆಯಲ್ಲಿ ಉಳಿದವರು ಇಬ್ಬರೇ. ಎವರಿಸ್ತುವಿನ ಹೆಂಡತಿ ಈ ಕಣಿವೆಯ ಸೆಕೆ ಆಗದೆಂದು ಮಕ್ಕಳನ್ನು ಕರೆದುಕೊಂಡು ಪೋರ್ತು ಸೇರಿ ಎಷ್ಟೋ ಕಾಲವಾಗಿತ್ತು. ಹತ್ತರಿಂದ ಹನ್ನೊಂದರವರೆಗೆ ಧಣಿ ಮತ್ತು ಅಲ್ಝೀರ, ನಡುವೆ ಆ ತಾಮ್ರದ ಪಾತ್ರೆ. ಅಂಗಳದಾಚೆಯ ತನ್ನ ಕೊಟ್ಟಿಗೆಯಲ್ಲಿ ಹಲಗೆ ಬಡಿಯುತ್ತಾ ಜೆಫೆರೀನು ಆ ಪಾತ್ರೆಯ ಬಗ್ಗೆ ಯೋಚಿಸುತ್ತಿದ್ದ. ಒಂದೇ ಪಾತ್ರೆಗೆ ಇಬ್ಬರೂ ಬಾಗಿ ಉಗಿಯುವುದು! ಗಂಡ ಹೆಂಡಿರೂ ಮಾಡದ ಕೆಲಸ ಅದು.

"ಒಳಗೆ ಏನ್ ಮಾತಾಡ್ತೀರಿ?" ಎಂದು ಒಮ್ಮೆ ಕೇಳಿದ್ದ.

"ಏನೂ ಇಲ್ಲ. ಬಾಯಿಗೆ ಹಾಕೋದು, ಉಗಿಯೋದು."

"ಇಷ್ಟು ವರ್ಷದಿಂದ ಅಷ್ಟೇನಾ?"

"ನೀನು ಇಷ್ಟು ವರ್ಷದಿಂದ ಹಲಗೆ ಬಡೀತಿಲ್ವಾ? ಅದರ ಜೊತೆ ಏನ್ ಮಾತಾಡ್ತೀಯ?"

ಅವಳು ನಕ್ಕಳು. ಅವನೂ ನಕ್ಕ. ಆಗ ಆ ಕೋಣೆಯ ಬಾಗಿಲು ತೆರೆದಿರುತ್ತಿತ್ತು.

*

ಪಾದ್ರಿಗಳು ತೀರ್ಥ ಚಿಮುಕಿಸಿ ಮುಗಿಸುವಷ್ಟರಲ್ಲಿ ನದಿಯ ಮಂಜು ಮೇಲೆದ್ದು ಸ್ಮಶಾನದ ಗೋಡೆ ಮುಟ್ಟಿತ್ತು. ಮಾರನೆಯ ದಿನ ಸಂತ ಮಾರ್ತಿನ್ನನ ಹಬ್ಬ, ಹೊಸ ವೈನಿನ ಬಿರಡೆ ತೆಗೆಯುವ ದಿನ.

"ಒಂದು ದಿನ ತಡೆದಿದ್ರೆ ಹೊಸಾದರ ರುಚಿ ಹೇಳಿ ಹೋಗ್ತಿದ್ಲು," ಎಂದ ಅಮಾದೇವು.

"ಮೇಲೆ ಇರೋರಿಗೂ ರುಚಿ ಹೇಳೋರು ಬೇಕಲ್ಲ," ಎಂದಳು ಕ್ಲೊತಿಲ್ದಿ.

ಹಗ್ಗ ಬಿಟ್ಟು ಪೆಟ್ಟಿಗೆ ಕೆಳಗಿಳಿಸಿದರು. ಮಣ್ಣು ಹಾಕಲು ಮೊದಲು ಜೆಫೆರೀನು ಬಾಗಿದ, ಆಮೇಲೆ ಮಗಳು. ಮೂರನೆಯವನಾಗಿ ಧಣಿ ಊರುಗೋಲನ್ನು ಬದಿಗಿಟ್ಟು ಒದ್ದೆ ಮಣ್ಣಿನಲ್ಲಿ ಮೊಣಕಾಲೂರಿಬಿಟ್ಟ. ಎಪ್ಪತ್ತನಾಲ್ಕರ ಮುದುಕ, ಒಳ್ಳೆಯ ಕರಿ ಉಣ್ಣೆಯ ಷರಾಯಿ. ಅವನನ್ನು ಎಬ್ಬಿಸಲು ಇಬ್ಬರು ಬೇಕಾಯಿತು. ಮಹಾಜನ ಅದನ್ನು ನೋಡಿತು. ಜೆಫೆರೀನು ಮಹಾಜನವನ್ನು ನೋಡಿದ.

"ನೀವು ಹುಷಾರು ಧಣಿ," ಎಂದ ಅವನು. "ಇನ್ನೊಂದು ಗುಂಡಿ ತೋಡಿಲ್ಲ."

"ಅಪ್ಪ!" ಎಂದಳು ನೊಯೇಮಿಯಾ.

ಧಣಿ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. "ನಡೀರಿ," ಎಂದ, ಊರುಗೋಲು ಎತ್ತಿಕೊಂಡು. "ಅವಳ ಪೀಪಾಯಿ ಕಾಯ್ತಿದೆ."

*

ಧಣಿ ಬಿದ್ದದ್ದು ಹದಿನಾಲ್ಕು ವರ್ಷದ ಹಿಂದೆ. ದ್ರಾಕ್ಷಿ ತುಳಿಯುವ ಕಲ್ಲುತೊಟ್ಟಿಯ ಒದ್ದೆ ಮೆಟ್ಟಿಲ ಮೇಲೆ ಜಾರಿ ತಲೆಯ ಹಿಂಭಾಗ ಬಡಿಸಿಕೊಂಡ. ಮೂರು ವಾರ ಹಾಸಿಗೆ. ಎದ್ದು ಬಂದ ಮೊದಲ ದಿನ ಬೆಳಿಗ್ಗೆ ಹತ್ತಕ್ಕೆ ಅಲ್ಝೀರ ಆ ಕೋಣೆಗೆ ಹೋದಳು, ಬಾಗಿಲು ಮುಚ್ಚಿತು. ಮಾರನೆಯ ದಿನವೂ ಮುಚ್ಚಿತು. ಆಮೇಲೆ ಅದು ಹತ್ತರಿಂದ ಹನ್ನೊಂದರವರೆಗೆ ತೆರೆದದ್ದೇ ಇಲ್ಲ.

"ಬಾಗಿಲು ಯಾಕೆ ಹಾಕ್ತೀರಿ?"

"ಗಾಳಿ ಬರುತ್ತೆ."

"ಮೂವತ್ತು ವರ್ಷ ಗಾಳಿ ಬರ್ತಿರಲಿಲ್ವಾ?"

"ಜೆಫೆರೀನು, ಸೂಪು ಆರುತ್ತೆ. ತಿನ್ನು."

ಐವತ್ತೇಳು ವರ್ಷದವನಿಗೆ, ಐವತ್ತನಾಲ್ಕರ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಎಂದರೆ ಊರು ನಗುತ್ತದೆ. ಆದರೆ ಹೊಟ್ಟೆಗೆ ವಯಸ್ಸು ಗೊತ್ತೇ? ಅವನು ಧಣಿಯನ್ನು ಗಮನಿಸತೊಡಗಿದ. ಆಸಾಮಿ ಬದಲಾಗಿದ್ದ. ಒಂದು ದಿನ ಒಲೆಯ ಮುಂದೆ ಕೂತವನ ಬೂಟಿನ ತುದಿ ಸುಟ್ಟು, ಚರ್ಮದ ಕಮಟು ಅಂಗಳಕ್ಕೆಲ್ಲ ಹಬ್ಬಿದರೂ ಅವನಿಗೆ ಖಬರೇ ಇಲ್ಲ. ಅಲ್ಝೀರಳೇ ಓಡಿ ಹೋಗಿ ಕಾಲು ಎಳೆದಳು. ಇಷ್ಟು ಮೈಮರೆವು ಪ್ರೇಮದಲ್ಲಿ ಬಿದ್ದವನಿಗಲ್ಲದೆ ಇನ್ಯಾರಿಗೆ ಬರುತ್ತದೆ ಎಂದುಕೊಂಡ ಜೆಫೆರೀನು.

ಎರಡು ವರ್ಷ ಹೀಗೇ ಕುದಿದ. ಎರಡನೆಯ ಬೇಸಿಗೆಯಲ್ಲಿ ಏಳನೇ ಪೀಪಾಯಿಯ ಮುಖದ ಹಲಗೆ ಸೀಳು ಬಿಟ್ಟಿದೆ, ಬದಲಾಯಿಸು ಎಂದು ಧಣಿ ಹೇಳಿ ಕಳಿಸಿದ. ಸಣ್ಣ ಪೀಪಾಯಿ, ಒಳ್ಳೆಯ ವರ್ಷದ ಸಿಹಿ ವೈನಿಗೆಂದು ಇಟ್ಟದ್ದು. ಓಕ್ ಹಲಗೆ ಕೈಗೆತ್ತಿಕೊಂಡವನಿಗೆ ಆ ಬುದ್ಧಿ ಬಂತು. ನದಿಯಾಚೆ ಕಡಿದು ಹಾಕಿದ್ದ ನೀಲಗಿರಿ ಮರದಿಂದ ಮೂರು ಬೆರಳಗಲದ ಹಸಿ ತುಂಡು ತಂದ. ಹೆರೆದು, ಹೊರಮೈಗೆ ಹಳೆಯ ವೈನಿನ ಗಸಿ ಉಜ್ಜಿ, ಓಕಿನ ನಡುವೆ ಓಕಿನಂತೆಯೇ ಕೂರಿಸಿದ. ಎಂಥ ಜಡ್ಡು ನಾಲಿಗೆಗೂ ಅದು ತಿಳಿಯಬೇಕು. ಮುಚ್ಚಿದ ಬಾಗಿಲ ಹಿಂದೆ ಇವರು ನಿಜವಾಗಿ ವೈನು ರುಚಿ ನೋಡುತ್ತಿದ್ದರೆ ಬರುವ ಜನವರಿಯಲ್ಲಿ, ಎಲ್ಲ ಪೀಪಾಯಿಗಳ ವರ್ಷದ ದೊಡ್ಡ ಪರೀಕ್ಷೆಯಲ್ಲಿ, ಏಳನೆಯದರ ಹತ್ತಿರ ಬಂದಾಗ ಬೊಬ್ಬೆ ಏಳಲೇಬೇಕು. ಬೊಬ್ಬೆ ಎದ್ದರೆ, ಅಪ್ಪಾ ಹಲಗೆ ಅದಲುಬದಲಾಯಿತು ಎಂದು ಕಾಲು ಹಿಡಿದುಕೊಂಡರಾಯಿತು. ಬೈಗುಳವನ್ನು ಅವನು ಸಂತೋಷದಿಂದ ತಿನ್ನುತ್ತಿದ್ದ.

ಹಲಗೆ ಕೂರಿಸಿದ ಸಂಜೆ ಅಲ್ಝೀರ ಎಂದಿನಂತೆ ಅವನ ಕುತ್ತಿಗೆಯ ಹತ್ತಿರ ಮೂಗು ತಂದಳು. ಒಂದು ಗಳಿಗೆ ಹೆಚ್ಚು ನಿಂತಳು.

"ಎಲ್ಲಿಗೆ ಹೋಗಿದ್ದೆ?"

"ನದಿ ಕಡೆ."

ಅವಳು ಬೇರೇನೂ ಕೇಳದೆ ತಟ್ಟೆ ಹಾಕಿದಳು.

ಜನವರಿ ಬಂತು. ಅವನು ಅಂಗಳದಲ್ಲಿ ಕೈಯಲ್ಲಿ ಕೊಡತಿ ಹಿಡಿದು ಕಾದ. ಹನ್ನೊಂದು ಹೊಡೆಯಿತು. ಬಾಗಿಲು ತೆರೆಯಿತು. ಅಲ್ಝೀರ ತುಟಿ ಒರೆಸಿಕೊಳ್ಳುತ್ತಾ ಹೊರಬಂದು, ನೆಲಮಾಳಿಗೆಗೆ ಇಳಿದು, ಏಳನೆಯದರ ಮೇಲೆ ಸುಣ್ಣದ ಕಡ್ಡಿಯಿಂದ 'ಇರಲಿ' ಎಂಬ ಗುರುತು ಹಾಕಿದಳು.

"ಹೇಗಿವೆ?" ಎಂದ ಅವನು.

"ಎಲ್ಲಾ ಚೆನ್ನಾಗಿವೆ. ಏಳನೇದಂತೂ ಬಂಗಾರ."

ಅಲ್ಲಿಗೆ ಅವನ ಪಾಲಿಗೆ ತೀರ್ಪು ಬಂದಿತು. ಅವರು ಒಳಗೆ ರುಚಿ ನೋಡುತ್ತಿಲ್ಲ.

ಅವನು ಕೈ ಎತ್ತಲಿಲ್ಲ, ದನಿ ಎತ್ತಲಿಲ್ಲ. ಕುತ್ತಿಗೆಯನ್ನು ಮಾತ್ರ ಅವಳಿಗೆ ಕೊಡುವುದನ್ನು ಬಿಟ್ಟ. ಮನೆಗೆ ಬಂದವನೇ ನೇರ ಹಿತ್ತಲಿಗೆ ಹೋಗಿ ಮೈ ತೊಳೆದುಕೊಳ್ಳುತ್ತಿದ್ದ. "ಧಣಿಯಮ್ಮನೋರ ಊಟ ಆಯ್ತಾ?" ಎಂದು ಕೇಳುತ್ತಿದ್ದ. ಪ್ರತಿ ಜನವರಿಯೂ ಅವಳು 'ಇರಲಿ' ಎಂದು ಬರೆದಳು, ಪ್ರತಿ ಜನವರಿಯೂ ಅವನು ಇನ್ನೊಂದು ಸಾಕ್ಷಿ ಸಿಕ್ಕಿತೆಂದುಕೊಂಡ. ಹನ್ನೆರಡು ಸಾಕ್ಷಿಗಳಾದವು. ಮೊನ್ನೆ, ಲೋಟ ಹಿಡಿದ ಹಾಗೆಯೇ ಅಡುಗೆಮನೆಯಲ್ಲಿ ಕುಸಿದಳು.

*

ನೆಲಮಾಳಿಗೆಯಲ್ಲಿ ನಲವತ್ತು ಜನ, ಬೂಟಿನ ತುಂಬ ಸ್ಮಶಾನದ ಮಣ್ಣು. ಅಮಾದೇವು ಏಳನೇ ಪೀಪಾಯಿಯ ಮುಂದೆ ಕುಕ್ಕುರು ಕೂತು ನಲ್ಲಿ ಬಡಿದ. ಜೆಫೆರೀನು ಗೋಡೆಗೆ ಒರಗಿದ್ದ. ಬಾಯಿ ಬಿಟ್ಟರೆ ಹೆಂಡತಿಯ ಮಣ್ಣಿನ ದಿನ ತನ್ನ ಹೊಲಸು ಬಯಲಿಗೆ. ಬಿಡದಿದ್ದರೆ ಈ ನಲವತ್ತು ಜನ ಒಂದು ಗುಟುಕಿಗೇ ಅವಳ ನಾಲಿಗೆ ಸುಳ್ಳು ಎನ್ನುತ್ತಾರೆ. ನಾಲಿಗೆ ಸುಳ್ಳಾದರೆ ನಲವತ್ತೈದು ವರ್ಷ ಅವಳು ಆ ಕೋಣೆಗೆ ಹೋಗುತ್ತಿದ್ದದ್ದು ಯಾತಕ್ಕೆ ಎಂದು, ಅವನು ಒಬ್ಬನೇ ಕೇಳಿಕೊಂಡದ್ದನ್ನು ಇಡೀ ಊರು ಕೇಳುತ್ತದೆ.

ಲೋಟಗಳು ಕೈಯಿಂದ ಕೈಗೆ ದಾಟಿದವು. ಅವನ ಕೈಗೂ ಒಂದು ಬಂತು. ಮೂಗಿನ ಹತ್ತಿರ ತರುವುದೇ ಬೇಕಾಗಲಿಲ್ಲ. ಹನ್ನೆರಡು ವರ್ಷ ಕಳೆದರೂ ನೀಲಗಿರಿ ಸತ್ತಿರಲಿಲ್ಲ.

ಧಣಿ ನಡುವೆ ಬಂದು ನಿಂತ. ಲೋಟವನ್ನು ಎತ್ತಿ ಬೆಳಕಿಗೆ ಹಿಡಿದ, ತಿರುಗಿಸಿದ, ಮೂಗಿನ ಕೆಳಗೆ ತಂದು ದೀರ್ಘವಾಗಿ ಉಸಿರೆಳೆದ. ಕಣ್ಣು ಮುಚ್ಚಿ ಒಂದು ಗುಟುಕು ಕುಡಿದ.

"ಒಣ ಅಂಜೂರ," ಎಂದ. "ಕಿತ್ತಳೆ ಸಿಪ್ಪೆ. ಕೊನೇಲಿ ಅಕ್ರೋಟು, ಸ್ವಲ್ಪ ಸುಟ್ಟ ಸಕ್ಕರೆ. ಹನ್ನೆರಡು ವರ್ಷದಿಂದ ಅಲ್ಝೀರ ಇದನ್ನೇ ಹೇಳ್ತಿದ್ಲು. ನೋಡಿ, ಹಾಗೇ ಇದೆ. ಕುಡೀರಿ."

ಎಲ್ಲರೂ ಕುಡಿದರು. ಕ್ಲೊತಿಲ್ದಿ ಕೆಮ್ಮಿದಳು.

"ಅಯ್ಯೋ ಮಾತೆ, ಇದೇನು? ಎದೆಗೆ ಹಚ್ಚೋ ಮುಲಾಮು!"

"ಶ್!"

"ಶ್ ಅಲ್ವೇ, ನೀನೇ ಕುಡಿದು ನೋಡು. ಇದನ್ನ ಅವಳು ಬಂಗಾರ ಅಂತಿದ್ಲಾ?"

"ಇದು ಅಂಜೂರ ಆದ್ರೆ ನಮ್ಮ ಹೇಸರಗತ್ತೆ ಬಿಷಪ್ಪು," ಎಂದಿತು ಹಿಂದಿನ ಒಂದು ದನಿ.

ಜೆಫೆರೀನು ಅವರ ಮಾತು ಕೇಳುತ್ತಿರಲಿಲ್ಲ. ಅವನು ಧಣಿಯ ಮುಖ ನೋಡುತ್ತಿದ್ದ. ಆ ಮುಖದಲ್ಲಿ ಕಪಟ ಇರಲಿಲ್ಲ. ಮುದುಕ ಆ ಹಾಳು ನೀಲಗಿರಿಯನ್ನು ಎರಡನೆಯ ಸಲ ಮೂಸಿ, ಅಂಜೂರ ಸಿಕ್ಕಿದವನಂತೆ ತಲೆದೂಗಿ, ಜನ ಯಾಕೆ ಗುಸುಗುಟ್ಟುತ್ತಿದ್ದಾರೆಂದು ತಿಳಿಯದೆ ಸುತ್ತ ನೋಡುತ್ತಿದ್ದ. ಕಿವಿ ಕೇಳದವನು ಹಾಡಿನ ನಡುವೆ ನಿಂತಂತೆ.

ಇವನಿಗೆ ಮೂಗಿಲ್ಲ.

ಒದ್ದೆ ಮೆಟ್ಟಿಲ ಮೇಲೆ ತಲೆಗೆ ಬಿದ್ದ ಪೆಟ್ಟು, ಮುಚ್ಚಿದ ಬಾಗಿಲು, ಸುಟ್ಟ ಬೂಟು, ಎಲ್ಲವೂ ಒಂದರ ಹಿಂದೆ ಒಂದು ಬಂದು ಜೆಫೆರೀನುವಿನ ಮುಂದೆ ನಿಂತವು. ಮೂಗಿನಿಂದಲೇ ಹೆಸರಾದ ಮನೆತನ. ಧಣಿಗೆ ಮೂಗು ಹೋಯಿತೆಂದು ಪೋರ್ತುವಿನ ವ್ಯಾಪಾರಿಗಳಿಗೆ ತಿಳಿದರೆ ಮಾರನೆಯ ದಿನವೇ ಮುಗಿಯಿತು. ಹದಿನಾಲ್ಕು ವರ್ಷ ಅವಳು ಎರಡು ಮೂಗಿನ ಕೆಲಸ ಮಾಡಿದ್ದಳು. ಏಳನೆಯದರ ಹತ್ತಿರ ಬಂದಾಗ ಯಾರ ಕೈ ಇದು ಎಂದು ಅವಳಿಗೆ ತಿಳಿದಿತ್ತು. ಅವನ ಕುತ್ತಿಗೆಯ ಮೇಲೆ ಅವಳು ಅದನ್ನು ಆಗಲೇ ಮೂಸಿದ್ದಳು. ಎದುರಿಗೆ ಕೂತ ಮೂಗಿಲ್ಲದ ಮುದುಕನಿಗೆ ಅಂಜೂರ ಎಂದಿದ್ದಳು.

"ಏನಾಯ್ತು?" ಎಂದ ಧಣಿ. "ಯಾಕೆ ಎಲ್ಲಾ ಗುಸುಗುಸು ಅಂತಿದೀರಿ?"

ಅವನನ್ನು ಅಲ್ಲೇ, ಎಲ್ಲರ ಮುಂದೆ, ಬೆತ್ತಲೆ ನಿಲ್ಲಿಸಬಹುದಿತ್ತು. ಒಂದೇ ಮಾತು ಸಾಕಿತ್ತು. ಆ ಮಾತು ಜೆಫೆರೀನುವಿನ ನಾಲಿಗೆಯ ತುದಿಗೆ ಬಂದು ಸಿಹಿಯಾಗಿ ಕೂತಿತ್ತು.

"ಹಲಗೆ ನಂದು," ಎಂದ ಅವನು.

ಎಲ್ಲರೂ ತಿರುಗಿದರು.

"ಪೀಪಾಯಿ ಮುಖಕ್ಕೆ ಒಂದು ನೀಲಗಿರಿ ಹಲಗೆ ಹಾಕಿದೀನಿ. ಅವಳೇ ಹಾಕು ಅಂದಿದ್ಲು. ಚಳಿಗಾಲದಲ್ಲಿ ಅವಳಿಗೆ ಎದೆ ಕಟ್ತಿತ್ತಲ್ಲ, ಆ ವಾಸನೆ ಅಂದ್ರೆ ಪ್ರಾಣ. ಅಂಜೂರದ ಮೇಲೆ ನೀಲಗಿರಿ ಕೂತ್ರೆ ಹೇಗಿರುತ್ತೆ ನೋಡೋಣ ಅಂದಿದ್ಲು. ಮಾರೋದಕ್ಕಲ್ಲ, ತನಗೆ. ಧಣಿಗಳಿಗೂ ಗೊತ್ತು." ಅವನು ಧಣಿಯ ಕಡೆ ನೋಡಿದ. "ಅಲ್ವಾ ಧಣಿ?"

ಧಣಿ ಅವನ ಮುಖವನ್ನೇ ನೋಡಿದ.

"ಗೊತ್ತು," ಎಂದ. "ಗೊತ್ತು. ಹೇಳೋದು ಮರೆತೆ."

"ಅಂತೂ ಹೋಗೋವಾಗ ನಮಗೆಲ್ಲ ಕೆಮ್ಮಿನ ಔಷಧಿ ಕುಡಿಸಿಯೇ ಹೋದ್ಲು!" ಎಂದ ಅಮಾದೇವು. ನಗು ಎದ್ದಿತು, ನಗುವಿನ ಹಿಂದೆ ಅಳು ಬಂತು. "ಕೆಳಗಡೆ ಅಂಜೂರ ಇದೆ ಕಣ್ರೇ, ಹೌದು, ತಡವಾಗಿ ಬರುತ್ತೆ," ಎಂದು ಕ್ಲೊತಿಲ್ದಿಯೇ ಎರಡನೆಯ ಲೋಟಕ್ಕೆ ಕೈ ಚಾಚಿದಳು.

*

ಜನ ಚದುರಿದ ಮೇಲೆ ಇಬ್ಬರೇ ಉಳಿದರು. ಧಣಿ ಖಾಲಿ ಪೆಟ್ಟಿಗೆಯೊಂದರ ಮೇಲೆ ಕೂತ, ಕೈಯಲ್ಲಿ ಅರ್ಧ ಲೋಟ. ಜೆಫೆರೀನು ಕೂರಲಿಲ್ಲ.

"ನೀಲಗಿರಿನಾ?"

"ಹೌದು."

"ಎಷ್ಟು ಘಾಟು?"

"ಮೂಗು ಇದ್ದಿದ್ರೆ ನೀವು ಮೆಟ್ಟಿಲ ಮೇಲೇ ಹಿಂದೆ ತಿರುಗ್ತಿದ್ರಿ."

ಧಣಿ ತಲೆ ತಗ್ಗಿಸಿದ. "ಸಿಹಿ ತಿಳಿಯುತ್ತೆ, ಹುಳಿ ತಿಳಿಯುತ್ತೆ. ಅಷ್ಟೇ ಉಳಿದಿರೋದು. ನಮ್ಮಪ್ಪನ ವೈನಿಗೂ ಸಕ್ಕರೆ ನೀರಿಗೂ ವ್ಯತ್ಯಾಸ ಇಲ್ಲ. ಯಾರಿಗೂ ಹೇಳಲ್ಲ ಅಂತ ಅವಳ ಕೈಲಿ ಆಣೆ ಮಾಡಿಸ್ಕೊಂಡಿದ್ದೆ. ನಿನಗೂ ಹೇಳಬಾರ್ದು ಅಂತ."

"ಹೇಳ್ಲಿಲ್ಲ."

"ನೀನ್ಯಾಕೆ ಹಾಕ್ದೆ ಆ ಹಲಗೆ? ನಿಜ ಹೇಳು."

"ಒಳಗೆ ನೀವು ರುಚಿ ನೋಡ್ತೀರೋ ಇಲ್ವೋ ತಿಳ್ಕೊಳ್ಳೋಕೆ."

ಧಣಿಯ ಗಂಟಲಿನಿಂದ ಒಂದು ಸದ್ದು ಬಂತು, ನಗುವೋ ಕೆಮ್ಮೋ.

"ಅವಳು ನೋಡ್ತಿದ್ಲು ರುಚಿ. ನಾನು ಅವಳ ಮುಖ ನೋಡ್ತಿದ್ದೆ. ನನಗೆ ಬೇರೇನಿತ್ತು ಹೇಳು? ಹುಬ್ಬು ಎಷ್ಟು ಏರ್ತು, ತುಟಿ ಹೇಗೆ ಸೊಟ್ಟ ಆಯ್ತು, ಅದರಲ್ಲೇ ನಾನು ಹದಿನಾಲ್ಕು ವರ್ಷ ವೈನು ಕುಡಿದಿದ್ದು."

ಜೆಫೆರೀನುವಿನ ಹೊಟ್ಟೆಯೊಳಗೆ ಆರಿತೆಂದುಕೊಂಡಿದ್ದ ಕೆಂಡ ಮತ್ತೆ ಕಣ್ಣು ಬಿಟ್ಟಿತು. ಹನ್ನೆರಡು ವರ್ಷ ಅವನು ಆ ಮುಖದ ಕಡೆ ಸರಿಯಾಗಿ ತಿರುಗಿಯೂ ನೋಡಿರಲಿಲ್ಲ. ಇವನು ದಿನಕ್ಕೆ ಒಂದು ಗಂಟೆ ನೋಡಿದ್ದ.

"ಚೆನ್ನಾಗಿ ನೋಡಿದೀರಿ," ಎಂದ. "ಆದ್ರೂ ನೀಲಗಿರಿ ಕಾಣಿಸ್ಲಿಲ್ಲ."

"ಇಲ್ಲ." ಧಣಿಯ ದನಿ ಬದಲಾಗಿತ್ತು. "ಅದೇ ಯೋಚಿಸ್ತಿದೀನಿ. ಹುಬ್ಬು ಕೂಡ ಅಲುಗಿಸ್ಲಿಲ್ಲ. ಅಂಜೂರ ಅಂದ್ಲು, ಕಿತ್ತಳೆ ಅಂದ್ಲು. ಆ ಬಾಯಿ ಬಿಟ್ಟು ಈ ಪ್ರಪಂಚದಲ್ಲಿ ನಾನು ಇನ್ಯಾವುದನ್ನೂ ನಂಬಿರಲಿಲ್ಲ ಜೆಫೆರೀನು. ಅದೇ ಬಾಯಲ್ಲಿ ಹನ್ನೆರಡು ಸಲ ನನಗೆ ಸುಳ್ಳು ಹೇಳಿದಾಳೆ." ಅವನು ಕತ್ತೆತ್ತಿದ. "ನಿನಗೋಸ್ಕರ."

"ಹೌದು."

"ಒಂದೇ ಒಂದು ಸಲ ನಿಜ ಹೇಳಬಹುದಿತ್ತು ನಂಗೆ."

"ಹೇಳಬಹುದಿತ್ತು. ಹೇಳ್ಲಿಲ್ಲ."

ದೇವರು ಕ್ಷಮಿಸಲಿ, ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನ ಜೆಫೆರೀನುವಿಗೆ ಸಂತೋಷವಾಯಿತು. ಸಣ್ಣದು, ಹೊಲಸಾದದ್ದು, ಬೆಚ್ಚಗಿನದು. ಮುದುಕನ ಮುಖದಲ್ಲಿ ಈಗ ಮೂಡಿದ್ದು ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದನ್ನು ಅವನು ವರ್ಷಗಟ್ಟಲೆ ಕನ್ನಡಿಯಲ್ಲಿ ನೋಡಿದ್ದ.

"ಮಗಳು ಕಾಯ್ತಿರ್ತಾಳೆ, ಬರ್ತೀನಿ," ಎಂದ.

"ಹೂಂ. ಹೋಗು."

ಮೆಟ್ಟಿಲು ಹತ್ತಿದ. ಮೇಲಿನ ತಿರುವಿನಲ್ಲಿ ಉಸಿರು ಸುಧಾರಿಸಿಕೊಳ್ಳಲೆಂದು ನಿಂತು ಹಿಂದಿರುಗಿ ನೋಡಿದ. ಯಾರೂ ಇಲ್ಲವೆಂದುಕೊಂಡ ಧಣಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ತಂದಿದ್ದ. ಕಣ್ಣು ಮುಚ್ಚಿ ಒಮ್ಮೆ ಎಳೆದ. ಲೋಟ ಅಲ್ಲಾಡಿಸಿ ಮತ್ತೆ ಎಳೆದ. ಆಮೇಲೆ ಬೆರಳನ್ನು ವೈನಿನಲ್ಲಿ ಅದ್ದಿ ಮೂಗಿನ ಹೊಳ್ಳೆಗಳ ಒಳಕ್ಕೆ, ಒಂದರ ನಂತರ ಒಂದಕ್ಕೆ, ಮೆಲ್ಲಗೆ ಸವರಿಕೊಂಡು, ಬಾಯಿ ಅರೆತೆರೆದು, ಕಾಯುತ್ತಾ ಕೂತ.